ಹಳದಿ ಹತ್ತಿ ಮೇಲಿಟ್ಟವರು

ಅವರ ಬಲಗೈ ಮೇಲೆ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ಎಡಗೈ ತುಂಬ ಮಾತ್ರ ದಟ್ಟವಾದ ಬಿಳಿ ಕೂದಲು. ಎರಡೂ ಕೈ ಒಬ್ಬ ಮನುಷ್ಯನವೇ ಎಂದು ಹೊಸಬರು ನಂಬುತ್ತಿರಲಿಲ್ಲ. ನಲವತ್ತು ವರ್ಷ ಹತ್ತಿ ಚೀಲಗಳೊಳಗೆ, ರಾಶಿಗಳೊಳಗೆ ಆ ಬಲಗೈ ತುರುಕಿ ತುರುಕಿ ಕೂದಲೆಲ್ಲ ಸವೆದುಹೋಗಿತ್ತು. ಹೆಬ್ಬೆರಳಿನ ಉಗುರನ್ನು ಬೇಕೆಂದೇ ಬೆಳೆಸಿಕೊಂಡಿದ್ದರು. ಒಂದು ಚಿಟಿಕೆ ಹತ್ತಿ ಹಿಡಿದು, ಎರಡು ಹೆಬ್ಬೆರಳುಗಳ ನಡುವೆ ಮೆಲ್ಲಗೆ ಜಗ್ಗಿ, ಎಳೆಗಳನ್ನು ಸಾಲಾಗಿ ಜೋಡಿಸಿ ತಮ್ಮ ಕರೀ ಕೊಡೆಯ ಬಟ್ಟೆ ಮೇಲೆ ಇಟ್ಟು ನೋಡುವರು. ಎಳೆ ಎಷ್ಟುದ್ದ, ಮಳೆಗೆ ಸಿಕ್ಕಿದೆಯೋ ಇಲ್ಲವೋ, ಯಾವ ಊರಿನ ಹೊಲದ್ದು, ಎಲ್ಲವನ್ನೂ ಹೇಳಿಬಿಡುವರು. ಊರು ಹೇಳುವುದು ಮಾತ್ರ ಸ್ವಲ್ಪ ಜಂಬದ್ದು. ಹತ್ತರಲ್ಲಿ ಆರು ಸಲ ಸರಿಹೋಗುತ್ತಿತ್ತು.

ಆದೋನಿಯ ಹತ್ತಿ ಯಾರ್ಡಿನಲ್ಲಿ ಕೊಳ್ಳುವವರ ಪರವಾಗಿ ಮಾಲು ನೋಡುವುದು ಅವರ ಕೆಲಸ. ಓಣಿಯ ಮಕ್ಕಳಿಗೆಲ್ಲ ಅವರು ಹತ್ತಿಮಾಮ, ಹಾಗಾಗಿ ನನಗೂ ಹತ್ತಿಮಾಮ. ನಾನು ಹೊಳಗುಂದದವಳು, ಇಲ್ಲಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ ಟೀಚರು. ನನ್ನ ಗಂಡ ದಿನಾ ರೈಲು ಹತ್ತಿ ಗುಂತಕಲ್ಲಿಗೆ ಹೋಗಿ ಬರುವವರು. ನಾವು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದು ಹನ್ನೊಂದು ವರ್ಷವಾಗಿತ್ತು. ಬಾಡಿಗೆಯವರು ಎಂಬುದನ್ನು ಅವರೂ ಮರೆತಿದ್ದರು, ನಾನೂ ಮರೆತಿದ್ದೆ. ಮನೆಯ ಬಗ್ಗೆ ಅವರಿಗಿಂತ ನಾನೇ ಹೆಚ್ಚು ಅಧಿಕಾರ ಚಲಾಯಿಸುತ್ತಿದ್ದೆ.

ಅವರ ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಮಗಳು ಬಳ್ಳಾರಿಗೆ ಮದುವೆಯಾಗಿ ಹೋಗಿದ್ದಳು. ಅಡುಗೆ ತಾವೇ ಮಾಡಿಕೊಳ್ಳುತ್ತಿದ್ದರು, ಚೆನ್ನಾಗಿಯೇ ಮಾಡುತ್ತಿದ್ದರು. ಆದರೆ ಉಣ್ಣುವಾಗ ತಟ್ಟೆ ಹಿಡಿದುಕೊಂಡು ನಮ್ಮ ಮಹಡಿಯ ಮೆಟ್ಟಿಲಿಗೆ ಬಂದು ಕೂರುವರು. ಯಾಕೆ ಎಂದರೆ ಒಳಗೆ ಸೆಕೆ ಎನ್ನುವರು. ಸಂಕ್ರಾಂತಿಯ ಚಳಿಯಲ್ಲೂ ಅವರಿಗೆ ಸೆಕೆಯೇ. ನಮ್ಮ ಬಾಗಿಲು ತೆರೆದಿರುತ್ತಿತ್ತು. ಕುಕ್ಕರ್ ಕೂಗುವುದು, ನನ್ನ ಮಗಳು ಮಗ್ಗಿ ಒಪ್ಪಿಸುವುದು, ನಾನು ಗಂಡನ ಮೇಲೆ ರೇಗುವುದು, ಇದೆಲ್ಲ ಕೇಳಿಸಿಕೊಳ್ಳುತ್ತ ರೊಟ್ಟಿ ಮುರಿಯುವರು. ಒಳಗೆ ಬನ್ನಿ ಎಂದರೆ ಬರುವವರಲ್ಲ. ಊಟದ ಹೊತ್ತಿಗೆ ಬಾಡಿಗೆಯವರ ಮನೆ ಹೊಕ್ಕ ಯಜಮಾನ ಅನ್ನಿಸಿಕೊಳ್ಳಬಾರದು ಎಂಬ ಬಿಗುಮಾನ ಅವರಿಗಿತ್ತು.

ಹತ್ತಿ ಸೀಸನ್ ಶುರುವಾಗುವ ಮುಂಚೆ ಒಂದು ಭಾನುವಾರ ಮೇಲೆ ಬಂದು ಫೋನು ಮುಂದೆ ಹಿಡಿದರು. ಎರಡನೇ ಮದುವೆ ಮಾಡಿಕೊಳ್ಳುವವರಿಗೆಂದೇ ಇರುವ ಒಂದು ಆಪ್. ಮಿಲ್ಲಿನ ಗುಮಾಸ್ತರೊಬ್ಬರು ಹಾಕಿಕೊಟ್ಟಿದ್ದರಂತೆ. ಕಣ್ಣಿಗೆ ಪೊರೆ ಬಂದಿದ್ದರಿಂದ ಸಣ್ಣ ಅಕ್ಷರ ಅವರಿಗೆ ಕಾಣುತ್ತಿರಲಿಲ್ಲ. ನಾನು ತುಂಬಿಕೊಡಬೇಕಿತ್ತು. ಅರವತ್ತನಾಲ್ಕು ವರ್ಷದ ಮನುಷ್ಯ, ಮೊಮ್ಮಕ್ಕಳಿದ್ದಾರೆ. ನನಗೆ ನಗುವೂ ಬಂತು, ಮುಜುಗರವೂ ಆಯಿತು. ಅಡುಗೆಗೆ ಯಾರನ್ನಾದರೂ ಇಟ್ಟುಕೊಳ್ಳಬಹುದಲ್ಲ ಎಂದೆ. ಅವರು ಫೋನು ಹಿಡಿದ ಕೈ ಹಿಂದೆ ತೆಗೆಯಲಿಲ್ಲ.

‘ಮಾಡಿ ಹಾಕಾಕ ಅಲ್ಲ ಟೀಚರಮ್ಮ. ಉಣ್ಣುವಾಗ ಎದುರಿಗೆ ಒಬ್ರು ಬೇಕು. ಕುಂದ್ರಾಕ.’

ಅವರು ಸೆಕೆ ಎಂದು ಹೇಳಿಕೊಂಡು ಮೆಟ್ಟಿಲಿನಲ್ಲಿ ಕೂತಿದ್ದ ಒಂಬತ್ತು ವರ್ಷ ನನಗೆ ಆಗ ಒಮ್ಮೆಲೇ ಅರ್ಥವಾಯಿತು. ಫೋನು ಇಸಿದುಕೊಂಡೆ.

ತುಂಬಲು ಕೂತ ಐದೇ ನಿಮಿಷಕ್ಕೆ ಜಗಳ ಶುರುವಾಯಿತು. ‘ನಿಮ್ಮ ಬಗ್ಗೆ’ ಎಂಬ ಜಾಗದಲ್ಲಿ ನಾನು ಸ್ವಂತ ಮನೆ, ದುಶ್ಚಟವಿಲ್ಲ, ಶಾಂತ ಸ್ವಭಾವ ಎಂದು ಬರೆದಿದ್ದೆ. ಓದಿ ಹೇಳಿದಾಗ ಅದನ್ನೆಲ್ಲ ಅಳಿಸು ಎಂದರು. ಮೇಲಿನ ಹಲ್ಲು ಕಟ್ಟಿಸಿದವು ಅಂತ ಮೊದಲು ಬರಿ ಎಂದರು. ಆಮೇಲೆ ಗೊರಕೆ ಹೊಡೆಯುತ್ತೇನೆ ಎಂದು. ಬಿ.ಪಿ. ಇದೆ ಎಂದು. ಹೆಂಡತಿ ಬದುಕಿದ್ದಾಗ ಒಂದು ದಿನವೂ ಸಿನಿಮಾಕ್ಕೆ ಕರೆದುಕೊಂಡು ಹೋಗಲಿಲ್ಲ ಎಂದು. ಆಕೆ ಕಾಯಿಲೆ ಬಿದ್ದಾಗ ಸೀಸನ್ ಇತ್ತು, ಎರಡು ವಾರ ತಡ ಮಾಡಿ ಕರ್ನೂಲಿನ ಆಸ್ಪತ್ರೆಗೆ ತೋರಿಸಿದೆ ಎಂದು. ಇಷ್ಟೆಲ್ಲ ಆದ ಮೇಲೆ ಕೊನೆಯಲ್ಲಿ, ಜಾಗ ಉಳಿದರೆ, ಸ್ವಂತ ಮನೆ ಇದೆ ಎಂದು.

ಇದನ್ನು ಓದಿ ಯಾವ ಹೆಂಗಸು ಬರುತ್ತಾಳೆ ಎಂದು ರೇಗಿದೆ. ಅವರು ಯಾರ್ಡಿನ ಲೆಕ್ಕ ಹೇಳಿದರು. ರೈತರು ಬಿಳೀ ಹತ್ತಿಯನ್ನು ಚೀಲದ ಮೇಲುಗಡೆ ತುಂಬಿ, ಮಳೆಗೆ ನೆಂದು ಹಳದಿಗಟ್ಟಿದ್ದನ್ನು ತಳಕ್ಕೆ ಹಾಕಿ ತರುತ್ತಾರೆ. ನೋಡುವವನ ಕೈ ತಳಕ್ಕೇ ಹೋಗುತ್ತದೆ. ಹಳದಿ ಕೈಗೆ ಬಂದ ಕೂಡಲೇ ಮೇಲಿನ ಬಿಳಿಯ ಬೆಲೆಯೂ ಬಿದ್ದುಹೋಗುತ್ತದೆ. ‘ಅದಕ್ಕ ಹಳದಿದು ಮ್ಯಾಲಿಡಬೇಕು. ಒಪ್ಪಿದೋರು ಕೈ ಹಾಕಿದಂಗೆಲ್ಲ ಬಿಳೇದು ಸಿಗತೈತಿ’ ಎಂದರು. ನಾನು ಹಲ್ಲು ಕಡಿಯುತ್ತ ಅವರು ಹೇಳಿದ ಹಾಗೆಯೇ ಬರೆದೆ. ಕೂದಲಿಗೆ ಬಣ್ಣ ಹಚ್ಚದೆ ತೆಗೆದ ಫೋಟೋವನ್ನೇ ಹಾಕಿಸಿದರು.

ಎರಡು ತಿಂಗಳಿಗೆ ಎಮ್ಮಿಗನೂರಿನ ಒಬ್ಬ ಹೆಂಗಸು ಒಪ್ಪಿ ಭೇಟಿಗೆ ಬಂದರು. ನೇಕಾರರ ಸೊಸೈಟಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ವಿಧವೆ. ಸ್ಟೇಷನ್ ರಸ್ತೆಯ ಟಿಫಿನ್ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಕೂರುವುದೆಂದು ಆಗಿತ್ತು. ಒಂಟಿ ಗಂಡಸು ಎಂದು ಆಕೆಗೆ ಅಳುಕಾಗಬಾರದೆಂದು ಹತ್ತಿಮಾಮ ನನ್ನನ್ನೂ ಕರೆದುಕೊಂಡು ಹೋದರು. ಹೊಸ ಅಂಗಿ ಹಾಕಿದ್ದರು, ಬೆಲೆ ಚೀಟಿ ಕಾಲರಿನಲ್ಲೇ ಇತ್ತು. ಬಾಗಿಲಲ್ಲಿ ನಾನೇ ಕಿತ್ತೆ. ಮಂಡಕ್ಕಿಯ ಉಗ್ಗಾಣಿ, ಬಜ್ಜಿ ಬಂದವು. ಇಬ್ಬರೂ ತಟ್ಟೆ ನೋಡುತ್ತ ಕೂತರು. ಕಂಪ್ಯೂಟರ್ ಬಂದ ಮೇಲೆ ಯಾರ್ಡು ಹೇಗೆ ನಡೆಯುತ್ತದೆ ಎಂದು ಆಕೆ ಕೇಳಿದರು. ಇವರು ಉತ್ಸಾಹದಿಂದ ಅಗತ್ಯಕ್ಕಿಂತ ಜಾಸ್ತಿಯೇ ಹೇಳಿದರು. ಮಾತಿಗೆ ಮಾತು ಸೇರಿಸಲು ನಾನು ಆಕೆಯ ಸೀರೆ ಚೆನ್ನಾಗಿದೆ ಎಂದುಬಿಟ್ಟೆ. ನಮ್ಮೂರ ಮಗ್ಗದ್ದು, ಅಪ್ಪಟ ಹತ್ತಿ ಎಂದು ಆಕೆ ಹೆಮ್ಮೆಯಿಂದ ಹೇಳಿದರು.

ಅಷ್ಟೇ ಸಾಕಾಯಿತು. ಹತ್ತಿಮಾಮ ಟೇಬಲ್ಲಿನ ಮೇಲೆ ಬಿದ್ದಿದ್ದ ಸೆರಗಿನ ಅಂಚನ್ನು ಹಿಡಿದು, ಉಗುರಿನಿಂದ ಒಂದು ಎಳೆ ಕಿತ್ತು, ಹುರಿ ಬಿಚ್ಚಿ ಕೊಡೆಯ ಮೇಲಿಟ್ಟು ನೋಡಿದರು. ಪರಸ್ತ್ರೀಯ ಸೆರಗು ಹಿಡಿದಿದ್ದೇನೆ ಎಂಬ ಎಚ್ಚರವೇ ಅವರಿಗಿರಲಿಲ್ಲ. ಅವರ ಮಟ್ಟಿಗೆ ಅದು ಮಾಲು. ‘ಮಿಕ್ಸ್ ಐತ್ರಿ ಇದು. ಪಾಲಿಸ್ಟರ್ ಕೂಡ್ಸ್ಯಾರ. ನಿಮಗ ಮೋಸ ಮಾಡ್ಯಾರ’ ಎಂದು ನಿಜವಾದ ಮರುಕದಿಂದ ಹೇಳಿದರು. ಆಕೆಯ ಮುಖ ಕೆಂಪಾಯಿತು. ‘ಚೆಯ್ಯಿ ತೀಯಂಡಿ’ ಎಂದು ತೆಲುಗಿನಲ್ಲಿ, ಕೈ ತೆಗೆಯಿರಿ ಎಂದು ಹೇಳಿ, ಸೆರಗು ಸುತ್ತಿಕೊಂಡು ಹೊರಟೇಹೋದರು. ಬಜ್ಜಿ ಮುಟ್ಟಿರಲಿಲ್ಲ. ಹತ್ತಿಮಾಮ ಪೆಚ್ಚುಮೋರೆ ಹಾಕಿಕೊಂಡೇ ಅವನ್ನೂ ತಿಂದರು. ಸುಳ್ಳು ಹೇಳಬೇಕಿತ್ತೇನು ಎಂದು ದಾರಿಯಲ್ಲಿ ನನ್ನನ್ನು ಕೇಳಿದರು. ಸುಮ್ಮನೆ ಇರಬೇಕಿತ್ತು ಎಂದೆ. ಅದೊಂದು ಕಲಿತಿಲ್ಲ ಎಂದು ಒಪ್ಪಿಕೊಂಡರು.

ಇನ್ನು ನನ್ನ ವಿಷಯ ಹೇಳಬೇಕು. ಅವರ ರೀತಿಯಲ್ಲಿ ಹೇಳುವುದಾದರೆ ಇದನ್ನೇ ಮೊದಲು ಹೇಳಬೇಕಿತ್ತು, ಆದರೆ ಅಷ್ಟು ಧೈರ್ಯ ನನಗಿಲ್ಲ.

ಹೋಟೆಲಿನ ಪ್ರಸಂಗ ಆದ ಎರಡು ವಾರಕ್ಕೆ, ಒಂದು ಸಂಜೆ, ಅವರ ಫೋನು ನನ್ನ ಹತ್ತಿರ ಇತ್ತು. ಬಂದದ್ದನ್ನು ಓದಿ ಹೇಳುವ ಕೆಲಸ ನನ್ನದೇ ಆಗಿತ್ತಲ್ಲ. ತುಂಗಭದ್ರೆಯ ಪಕ್ಕದ ಮಾಧವರಂನಿಂದ ಒಂದು ಕೋರಿಕೆ ಬಂದಿತ್ತು. ಐವತ್ತೊಂಬತ್ತು ವರ್ಷದ ಅಂಗನವಾಡಿ ಟೀಚರು. ಫೋಟೋ ತೆರೆದೆ. ತುಟಿಯ ಸುತ್ತ, ಕಣ್ಣಿನ ಸುತ್ತ, ಬೆರಳುಗಳ ಮೇಲೆ ಬಿಳೀ ಮಚ್ಚೆ. ಕೆಳಗೆ ಆಕೆಯೇ ಬರೆದಿದ್ದರು: ಹತ್ತೊಂಬತ್ತಕ್ಕೆ ಮದುವೆ ಮಾಡಿದರು, ತುಟಿಯ ಮೇಲೆ ಮಚ್ಚೆ ಕಂಡು ಮೂರು ತಿಂಗಳಿಗೆ ವಾಪಸು ಕಳಿಸಿದರು, ಇದು ಅಂಟುವ ರೋಗವಲ್ಲ, ನನಗೆ ಸಿಟ್ಟು ಬೇಗ ಬರುತ್ತದೆ, ಅಡುಗೆ ಸುಮಾರು.

ನಾನು ‘ಆಸಕ್ತಿ ಇಲ್ಲ’ ಎಂಬುದನ್ನು ಒತ್ತಿದೆ. ಅವರನ್ನು ಕೇಳಲಿಲ್ಲ. ಪಾಪದ ಮನುಷ್ಯ, ಕಂಡದ್ದಕ್ಕೆಲ್ಲ ಹೂಂ ಎನ್ನುತ್ತಾರೆ, ಆಮೇಲೆ ಓಣಿಯವರ ಬಾಯಿಗೆ ಬೀಳುತ್ತಾರೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ನಿಜವಾಗಿ ನಾನು ಆ ಮುಖ ನೋಡಿ ಹಿಂಜರಿದಿದ್ದೆ, ಅಷ್ಟೇ. ಆ ಮುಖ ದಿನಾ ನಮ್ಮ ಕೆಳಗಿನ ಮನೆಯಲ್ಲಿ ಓಡಾಡುವುದು ನನಗೆ ಬೇಡವಾಗಿತ್ತು. ಮರುದಿನ ಶಾಲೆಯಲ್ಲಿ ಮಕ್ಕಳಿಗೆ, ಯಾರನ್ನೂ ರೂಪ ನೋಡಿ ಅಳೆಯಬಾರದು ಎಂಬ ಪಾಠವನ್ನೂ ಮಾಡಿದೆ. ನಾಚಿಕೆಯಾಗಲಿಲ್ಲ.

ಆಮೇಲೆ ಬಂದದ್ದು ಒಂದೇ ಭೇಟಿ, ಅದು ಉರುಕುಂದದಲ್ಲಿ. ದೇವಸ್ಥಾನದಲ್ಲಾದರೆ ಯಾರೂ ಏನೂ ಅನ್ನುವುದಿಲ್ಲ ಎಂದು ಆ ಕಡೆಯವರೇ ಸೂಚಿಸಿದ್ದರು. ಹೆಂಗಸಿನ ಜತೆ ಅಣ್ಣ, ಅತ್ತಿಗೆ, ಅವರ ಮಕ್ಕಳು, ಎರಡು ಆಟೋ ತುಂಬ ಜನ ಬಂದರು. ಒಲೆ ಹೂಡಿ ಅಡುಗೆಯನ್ನೂ ಮಾಡಿದರು. ಅಣ್ಣನೇ ಎಲ್ಲ ಮಾತಾಡಿದ. ಹತ್ತಿಮಾಮ ಎದುರು ಕೂತು ಊಟ ಮಾಡಿದ್ದು ಆ ಅಣ್ಣನ ಜತೆಗೇ. ಆ ಹೆಂಗಸು ಬೆನ್ನು ತಿರುಗಿಸಿಕೊಂಡು ಪಾತ್ರೆ ತೊಳೆಯುತ್ತಿದ್ದರು. ಆಕೆಗೆ ಮದುವೆ ಬೇಕಿಲ್ಲ, ಮನೆಯವರಿಗೆ ಆಕೆ ಬೇಕಿಲ್ಲ ಎಂದು ವಾಪಸು ಬರುವಾಗ ಹತ್ತಿಮಾಮ ಹೇಳಿದರು. ಅವತ್ತಿನಿಂದ ಆಪ್ ತೆರೆ ಎಂದು ನನಗೆ ಹೇಳುವುದನ್ನು ನಿಲ್ಲಿಸಿದರು. ಮೆಟ್ಟಿಲಿನ ಊಟ ಮೊದಲಿನ ಹಾಗೆ ನಡೆಯಿತು, ಬೇಸಗೆ ಬಂದಿದ್ದರಿಂದ ಸೆಕೆಯ ಮಾತು ಮಾತ್ರ ನಿಜವಾಯಿತು.

ಮಳೆಗಾಲ ಶುರುವಾಗುವ ಮುಂಚೆ ಮಗಳು ಬಳ್ಳಾರಿಗೆ ಕರೆಸಿಕೊಂಡು ಕಣ್ಣಿನ ಪೊರೆ ತೆಗೆಸಿದಳು. ವಾಪಸು ಬಂದವರು ಗೋಡೆಯ ಕ್ಯಾಲೆಂಡರ್, ಬಿಸ್ಕತ್ತಿನ ಪೊಟ್ಟಣ, ನನ್ನ ಮಗಳ ನೋಟ್‌ಪುಸ್ತಕ ಎಲ್ಲವನ್ನೂ ಗಟ್ಟಿಯಾಗಿ ಓದುತ್ತ ಮನೆ ತುಂಬ ತಿರುಗಿದರು. ಹತ್ತು ದಿನಕ್ಕೆ ಫೋನು ಹಿಡಿದು ಮೆಟ್ಟಿಲು ಹತ್ತಿ ಬಂದರು. ಬೇಡವೆಂದು ತಳ್ಳಿದ ಕೋರಿಕೆಗಳು ಆ ಆಪ್‌ನಲ್ಲಿ ಬೇರೆ ಪುಟದಲ್ಲಿ ಉಳಿದಿರುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ. ಮಾಧವರಂನ ಆಕೆ ಬರೆದಿದ್ದನ್ನು ಅವರು ನನಗೆ ಓದಿ ಹೇಳಿದರು. ಒಂದೊಂದೇ ಅಕ್ಷರ, ನಿಧಾನವಾಗಿ. ಅಡುಗೆ ಸುಮಾರು ಎಂಬಲ್ಲಿಗೆ ಬಂದಾಗ ನಕ್ಕರು.

‘ನೋಡು ಟೀಚರಮ್ಮ, ಈಕಿನೂ ಹಳದಿದು ಮ್ಯಾಲಿಟ್ಟಾಳ.’

ಯಾರು ಬೇಡ ಎಂದು ಒತ್ತಿದ್ದು ಎಂದು ಕೇಳಲಿಲ್ಲ. ಅವರ ಫೋನು ಹಿಡಿಯುತ್ತಿದ್ದುದು ನಾನೊಬ್ಬಳೇ. ಇವರಿಗೆ ಈಗ ಕೋರಿಕೆ ಕಳಿಸುವುದು ಹೇಗೆ ಎಂದು ಮಾತ್ರ ಕೇಳಿದರು. ನಾನು ತೋರಿಸಿಕೊಟ್ಟೆ. ಆಕೆಯ ಕೋರಿಕೆ ಬಂದು ಎಂಟು ತಿಂಗಳಾಗಿತ್ತು.

ಮಾಧವರಂನಿಂದ ಉತ್ತರ ಬರಲು ಮೂರು ವಾರ ಹಿಡಿಯಿತು. ಹೋಟೆಲು, ಗುಡಿ ಯಾವುದೂ ಬೇಡ, ಮನೆಗೇ ಬನ್ನಿ ಎಂದು ಬರೆದಿದ್ದರು. ಮಂತ್ರಾಲಯದ ಬಸ್ಸು ಹಿಡಿದು ಹೋದೆವು. ನಾನು ಬರುವುದಿಲ್ಲ ಎಂದಿದ್ದೆ. ಹತ್ತಿಮಾಮ, ಸೆರಗು ಹಿಡಿದರೆ ಕೈ ಮೇಲೆ ಹೊಡೆಯಲು ಒಬ್ಬರು ಬೇಕು ಎಂದು ಎಳೆದುಕೊಂಡು ಹೋದರು. ಆಕೆ ಅಂಗಳದಲ್ಲಿ ಬುಟ್ಟಿ ತುಂಬ ಶೇಂಗಾ ಇಟ್ಟುಕೊಂಡು ಬಿತ್ತನೆಗೆ ಸುಲಿಯುತ್ತಿದ್ದರು. ಮುಖಕ್ಕೆ ಪೌಡರ್ ಹಾಕಿರಲಿಲ್ಲ, ತುಟಿ ಮುಚ್ಚಿಕೊಳ್ಳಲಿಲ್ಲ. ನಮಗೆ ಚಾಪೆ ಹಾಸಿ, ನೀರು ಕೊಟ್ಟು, ನೇರವಾಗಿ ವಿಷಯಕ್ಕೆ ಬಂದರು.

‘ಆಗ ಬ್ಯಾಡ ಅಂದ್ರಿ. ಈಗ ಯಾಕ ಬಂದ್ರಿ?’

ನಾನು ಬಾಯಿ ತೆರೆಯಬೇಕಿತ್ತು. ನೀರಿನ ಲೋಟ ನೋಡುತ್ತ ಕೂತೆ. ಹತ್ತಿಮಾಮ ನನ್ನ ಕಡೆ ತಿರುಗಲಿಲ್ಲ.

‘ಹೆದರಿಕಿ ಆತಮ್ಮ’ ಎಂದರು. ‘ಇಷ್ಟು ಸೀದಾ ಬರದಾಕಿ ನನ್ನ ಮುಖ ನೋಡಿದ್ರ ಬ್ಯಾಡ ಅಂತಾಳ ಅನಿಸ್ತು. ಅದಕ್ಕ ಮೊದಲ ನಾನ ಬ್ಯಾಡ ಅಂದೆ. ತಪ್ಪು ನಂದು.’

ಒಂದು ನೂಲಿನ ಎಳೆಯ ಬಗ್ಗೆ ಸುಳ್ಳು ಹೇಳಲಾರದೆ ಬಂದ ಸಂಬಂಧ ಕಳೆದುಕೊಂಡಿದ್ದ ಮನುಷ್ಯ, ನನಗೋಸ್ಕರ ಅಷ್ಟು ದೊಡ್ಡ ಸುಳ್ಳನ್ನು ತಡವರಿಸದೆ ಹೇಳಿದರು. ಆಕೆ ಬಹಳ ಹೊತ್ತು ಅವರ ಮುಖ ನೋಡಿದರು. ಆಮೇಲೆ ಬುಟ್ಟಿಯನ್ನು ಅವರ ಕಡೆ ನೂಕಿ, ಹಾಗಾದರೆ ಸುಲಿಯಿರಿ ಎಂದರು. ಭೇಟಿ ಎಂದರೆ ಅದೇ. ಎರಡು ತಾಸು ಇಬ್ಬರೂ ಶೇಂಗಾ ಸುಲಿದರು. ಹತ್ತಿಮಾಮ ಅಭ್ಯಾಸಬಲದಿಂದ ಬುಟ್ಟಿಯ ತಳಕ್ಕೆ ಕೈ ಹಾಕಿ ಕಾಯಿ ತೆಗೆಯುತ್ತಿದ್ದುದನ್ನು ಆಕೆ ಗಮನಿಸಿದರು. ತಳದಲ್ಲಿರುವವೂ ಅವೇ ಎಂದರು. ಹತ್ತಿಮಾಮ ನಾಚಿಕೊಂಡು ಕೈ ತೆಗೆದರು. ಆಕೆ ನಕ್ಕರು. ನಗುವಾಗ ಆ ಮುಖ ಎಷ್ಟು ಚೆನ್ನಾಗಿತ್ತೆಂದರೆ ನನಗೆ ಅಲ್ಲಿ ಕೂರುವುದೇ ಕಷ್ಟವಾಯಿತು.

ವಾಪಸು ಬಸ್ಸಿನಲ್ಲಿ ನಾನು ಮಾತು ಶುರುಮಾಡಿದೆ. ಅರ್ಧಕ್ಕೇ ತಡೆದರು. ‘ಆತು ಬಿಡು. ಆಕಿಗೆ ಹೇಳಾಕ ಹೋಗಬ್ಯಾಡ. ನಾಳೆ ನೀವಿಬ್ರೂ ಒಂದ ಮನ್ಯಾಗ ಇರೋರು’ ಎಂದರು. ಒಂದು ಭೇಟಿಗೇ ಒಂದೇ ಮನೆ ಎಂದುಬಿಟ್ಟಿದ್ದರು. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಎರಡು ತಿಂಗಳಿಗೆ ರಿಜಿಸ್ಟರ್ ಮದುವೆ. ಬಳ್ಳಾರಿಯ ಮಗಳು ಮೊದಲು ಮುಖ ಊದಿಸಿಕೊಂಡಿದ್ದಳು. ಅಪ್ಪ ಕಟ್ಟಿಸಿದ ಹಲ್ಲು ಸರಿಯಾಗಿ ಹಾಕಿಕೊಂಡು ನಗುವುದನ್ನು ಕಂಡ ಮೇಲೆ ಬಂದು ಸಾಕ್ಷಿಗೆ ಸಹಿ ಹಾಕಿದಳು. ಇನ್ನೊಂದು ಸಹಿ ನನ್ನದು. ಓಣಿಯವರು ಒಂದು ವಾರ ಆಡಿಕೊಂಡರು, ಆಮೇಲೆ ಮಾಧವರಂ ಅಕ್ಕನ ಸಿಟ್ಟಿನ ಪರಿಚಯವಾಗಿ ಬಾಯಿ ಮುಚ್ಚಿಕೊಂಡರು. ಕೊಳಾಯಿ ನೀರಿನ ಸರತಿಯಲ್ಲಿ ಒಬ್ಬಾಕೆ ಅಕ್ಕ ಮುಟ್ಟಿದ ಕೊಡವನ್ನು ಎರಡು ಸಲ ತೊಳೆದಳು. ಅಕ್ಕ ಆಕೆಯ ಉಳಿದ ಕೊಡಗಳನ್ನೂ ಒಂದೊಂದಾಗಿ ಮುಟ್ಟಿ, ಇವನ್ನೂ ತೊಳಿ ಎಂದು ಹೇಳಿ ಬಂದರು.

ಅವರಿಬ್ಬರ ಸಂಸಾರ ಹದಿನಾಲ್ಕು ತಿಂಗಳದ್ದು. ದಿನಾ ಜಗಳ. ಟಿ.ವಿ.ಯ ಸದ್ದಿಗೆ, ಸಾರಿನ ಉಪ್ಪಿಗೆ, ಹಲ್ಲಿನ ಸೆಟ್ಟನ್ನು ನೀರು ಕುಡಿಯುವ ಲೋಟದಲ್ಲಿ ಇಡುವುದಕ್ಕೆ. ಗೊರಕೆಗೆ ಜಗಳವಿರಲಿಲ್ಲ, ಅದನ್ನು ಮೊದಲೇ ಬರೆದಿದ್ದರಲ್ಲ. ಭಾನುವಾರ ಭಾನುವಾರ ಸಿನಿಮಾಕ್ಕೆ ಹೋಗುವರು. ಸಿನಿಮಾ ಯಾವುದೆಂದು ನೋಡುತ್ತಲೂ ಇರಲಿಲ್ಲ, ಒಂದೇ ಸಿನಿಮಾಕ್ಕೆ ಮೂರು ವಾರ ಹೋದದ್ದೂ ಉಂಟು. ಅಕ್ಕನ ಸೀರೆಗಳ ಸೆರಗಿನಲ್ಲೆಲ್ಲ ಒಂದೊಂದು ಎಳೆ ಕಿತ್ತ ಜಾಗ ಇರುತ್ತಿತ್ತು. ಮಾತಾಡುತ್ತ ಮಾತಾಡುತ್ತ ಕಿತ್ತುಬಿಡುತ್ತಾರೆ ಎಂದು ಅಕ್ಕ ನನ್ನ ಹತ್ತಿರ ದೂರುವರು, ದೂರುತ್ತ ಆ ಜಾಗವನ್ನು ಬೆರಳಿನಿಂದ ಸವರುವರು. ಮೆಟ್ಟಿಲಿನ ಮೇಲೆ ಯಾರೂ ಕೂರುತ್ತಿರಲಿಲ್ಲ. ನನಗೆ ಒಂದೊಂದು ಸಲ ಬೇಸರವಾಗಿ ನಾನೇ ಕೆಳಗಿಳಿದು ಹೋಗುತ್ತಿದ್ದೆ. ಊಟದ ಹೊತ್ತಾದರೆ ಅಕ್ಕ ಒಂದು ತಟ್ಟೆ ಜಾಸ್ತಿ ಇಡುವರು. ಆ ತಟ್ಟೆಯ ಮುಂದೆ ಕೂತಾಗಲೆಲ್ಲ ಹೇಳಿಬಿಡಬೇಕು ಎನ್ನಿಸುವುದು. ಎಲ್ಲ ಸರಿಹೋಗಿರುವಾಗ ಯಾಕೆ ಎಂದು ಮತ್ತೆ ಅನ್ನ ಕಲಸುವೆ. ಹೇಡಿತನಕ್ಕೆ ನೆಪಗಳ ಬರವಿಲ್ಲ.

ಈ ವರ್ಷದ ಸೀಸನ್ನಿನಲ್ಲಿ, ಒಂದು ಬೆಳಿಗ್ಗೆ ಯಾರ್ಡಿನಲ್ಲಿ ಹತ್ತಿ ನೋಡುತ್ತಿದ್ದವರು ಸುಸ್ತು ಎಂದು ಚೀಲಗಳ ಮೇಲೆ ಕೂತರಂತೆ. ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಮನೆಗೆ ತಂದಾಗ ಬಲಗೈಗೆ ಹತ್ತಿಯ ನವಿರು ಅಂಟಿಕೊಂಡೇ ಇತ್ತು. ಅಕ್ಕ ಅದನ್ನು ಒರೆಸಲು ಯಾರಿಗೂ ಬಿಡಲಿಲ್ಲ. ಅಳಲೂ ಇಲ್ಲ. ಬಂದವರಿಗೆ ಚಾಪೆ ಹಾಸಿದರು, ನೀರು ಕೊಟ್ಟರು. ಬಳ್ಳಾರಿಯ ಮಗಳು ಅತ್ತು ಅತ್ತು ಆಕೆಯ ತೊಡೆಯ ಮೇಲೆ ಮಲಗಿದ್ದಳು. ಅಕ್ಕ ಅವಳ ತಲೆ ಸವರುತ್ತ ಗೋಡೆ ನೋಡುತ್ತ ಕೂತಿದ್ದರು. ಹದಿಮೂರು ದಿನ ಕಳೆದರೂ ಆಕೆ ಅತ್ತದ್ದನ್ನು ನಾವು ಯಾರೂ ಕಾಣಲಿಲ್ಲ.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಇಬ್ಬರೇ ಕೂತು ಅವರ ಅಂಗಿಗಳನ್ನು ಮಡಿಸಿ ಗಂಟು ಕಟ್ಟುತ್ತಿದ್ದೆವು. ಅಕ್ಕ ಒಂದು ಅಂಗಿ ತೊಡೆಯ ಮೇಲೆ ಹಾಕಿಕೊಂಡರು. ಆಮೇಲೆ ತಾವಾಗಿಯೇ ಮಾತು ತೆಗೆದರು. ಅವರು ನನ್ನ ಮುಖವನ್ನು ಒಂದು ದಿನವೂ ಓರೆಗಣ್ಣಿನಿಂದ ನೋಡಲಿಲ್ಲ, ತುಟಿ ನೋಡಿ ಕಣ್ಣು ಆಚೆ ತಿರುಗಿಸಲಿಲ್ಲ, ಆದರೂ ಒಂದು ಮುಳ್ಳು ಹಾಗೇ ಉಳಿದಿದೆ ಎಂದರು. ಮೊದಲನೆಯ ಸಲ ಬೇಡ ಅಂದಿದ್ದರು. ಹೆದರಿಕೆ ಎಂದು ಹೇಳಿದರು, ಒಳ್ಳೆಯವರು, ಮನಸ್ಸಿಗೆ ನೋವಾಗಬಾರದೆಂದು ಹೇಳಿದ್ದಿರಬೇಕು. ಹತ್ತೊಂಬತ್ತರಿಂದ ನೋಡುತ್ತಿದ್ದೇನೆ, ಫೋಟೋ ನೋಡಿದವರು ಯಾಕೆ ಬೇಡ ಅನ್ನುತ್ತಾರೆಂದು ನನಗೆ ಗೊತ್ತಿಲ್ಲವೆ? ಅವರೂ ಒಂದು ಸಲ ಮಚ್ಚೆ ನೋಡಿ ಬೇಡ ಅಂದವರೇ. ಕೇಳಬೇಕು ಕೇಳಬೇಕು ಎಂದುಕೊಂಡೆ, ಕೇಳಲಿಲ್ಲ, ಇನ್ನು ಕೇಳುವ ಹಾಗಿಲ್ಲ. ಇಷ್ಟು ಹೇಳಿ ಅಂಗಿ ಮಡಿಸಲು ಶುರುಮಾಡಿದರು.

ನನ್ನನ್ನು ಕಾಪಾಡಲು ಹೇಳಿದ ಸುಳ್ಳು ಈಕೆಯೊಳಗೆ ಹೀಗೆ ಕೂತಿರುತ್ತದೆ ಎಂದು ಅವರಿಗೂ ಹೊಳೆದಿರಲಿಕ್ಕಿಲ್ಲ. ಹೊಳೆದಿದ್ದರೆ ಬಸ್ಸಿನಲ್ಲಿ ನನ್ನ ಬಾಯಿ ಮುಚ್ಚಿಸುತ್ತಿರಲಿಲ್ಲ. ನಾನು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಹೇಳಿದೆ. ಒತ್ತಿದ್ದು ನಾನು. ಅವರ ಕಣ್ಣಿಗೆ ಆಗ ಪೊರೆ ಇತ್ತು, ನೀವು ಬರೆದದ್ದನ್ನು ಅವರು ಓದಿಯೇ ಇರಲಿಲ್ಲ, ನಿಮ್ಮ ಫೋಟೋವನ್ನೂ ನಾನು ತೋರಿಸಲಿಲ್ಲ. ಮಚ್ಚೆ ನೋಡಿ ಬೇಡ ಅಂದದ್ದು ನಾನು. ಕಣ್ಣು ಬಂದ ಮೇಲೆ ಓದಿದ ದಿನವೇ ಅವರು ನಿಮಗೆ ಬರೆದರು. ಎಂಟು ತಿಂಗಳನ್ನು ನಾನು ತಿಂದುಹಾಕಿದೆ ಅಕ್ಕ, ಇಲ್ಲದಿದ್ದರೆ ನಿಮಗೆ ಹದಿನಾಲ್ಕರ ಬದಲು ಇಪ್ಪತ್ತೆರಡು ತಿಂಗಳು ಸಿಗುತ್ತಿತ್ತು ಎಂದೆ.

ಆಕೆಗೆ ಬೇಗ ಸಿಟ್ಟು ಬರುತ್ತದೆಂದು ನನಗೆ ಗೊತ್ತಿತ್ತು. ಕಾದೆ. ಆಕೆ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

‘ಹಂಗಾರ ಅವ್ರು ಬ್ಯಾಡ ಅಂದಿದ್ದಿಲ್ಲ.’

ಇಲ್ಲ ಅಕ್ಕ, ನಾನು ಅಂದಿದ್ದು ಎಂದೆ.

‘ನೀ ಅಂದ್ರ ಏನಾತು ಬಿಡು. ನಿನ್ನಂಥೋರು ಭಾಳ ಮಂದಿ ಅಂದಾರ. ಅವ್ರು ಅಂದಿಲ್ಲ.’

ಹಾಗೆ ಹೇಳಿದವರು ಅಂಗಿಗೆ ಮುಖ ಒತ್ತಿಕೊಂಡು ಅತ್ತರು. ಹತ್ತಿಮಾಮ ಹೋದ ಮೇಲೆ ಮೊದಲ ಸಲ, ಜೋರಾಗಿ, ಯಾರು ಕೇಳಿದರೇನು ಎಂಬ ಹಾಗೆ ಅತ್ತರು. ನಾನು ಪಕ್ಕದಲ್ಲಿ ಕೂತಿದ್ದೆ, ಬೆನ್ನು ಮುಟ್ಟುವ ಧೈರ್ಯವಾಗಲಿಲ್ಲ. ನನ್ನನ್ನು ಕ್ಷಮಿಸಿದರೋ ಇಲ್ಲವೋ ಇವತ್ತಿಗೂ ಕೇಳಿಲ್ಲ. ಭಾಳ ಮಂದಿಯಲ್ಲಿ ನಾನೂ ಒಬ್ಬಳು ಎಂಬುದನ್ನು ಆಕೆ ಹೇಳಿಬಿಟ್ಟಿದ್ದಾರೆ, ಅದು ನನ್ನ ಪಾಲಿಗೆ ಇರಲಿ. ಸ್ವಲ್ಪ ಹೊತ್ತಾದ ಮೇಲೆ ಅಕ್ಕ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. ಕಣ್ಣು ಬಂದ ಮೇಲೆ ಅವರು ನನ್ನ ಬರಹ ಓದಿದ ದಿನ ಏನೇನಾಯಿತು, ಮೊದಲಿನಿಂದ ಹೇಳು ಎಂದರು. ನಾನು ಹೇಳಿದೆ.